ಎರಡು ಎಕರೆಗೆ ಎಂಥ ಟ್ರ್ಯಾಕ್ಟರ್?

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲದಲ್ಲಿ ಸೇರುವ ದನಗಳ ಜಾತ್ರೆಯನ್ನು ನೀವು ನೋಡಿರಬಹುದು. ಹಳ್ಳಿಕಾರ್ ಜೋಡಿ ಕೊಳ್ಳಲು ಬಂದ ರೈತರು ಮೊದಲು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಗೊರಸು ಮುಟ್ಟಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಎತ್ತು ಹೊಲಕ್ಕೋ ಗಾಡಿಗೋ ಎಂದು ಮೊದಲೇ ನಿರ್ಧರಿಸಿರುತ್ತಾರೆ. ಇಷ್ಟೆಲ್ಲ ಆದ ಮೇಲೆಯೇ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು.

ಅದೇ ರೈತರು ಟ್ರ್ಯಾಕ್ಟರ್ ಅಂಗಡಿಗೆ ಹೋದಾಗ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಚ್.ಪಿ.?"

ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ಈ ಪ್ರಶ್ನೆ ಕೇಳುವವರು ರೈತರಷ್ಟೇ ಅಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಗರ ಇತ್ತ ಬೆಳೆಯಿತು. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿಯಾಯಿತು. ಒಂದೆರಡು ಎಕರೆ, ಅದರಲ್ಲೊಂದು ಮನೆ, ಸುತ್ತ ಸೀಬೆ, ಮಾವು, ತರಕಾರಿ ಮಾಡಿಕೊಂಡವರು ಮುಂದೆ ಯೋಚಿಸುವುದು ಸಣ್ಣ ಟ್ರ್ಯಾಕ್ಟರಿನ ಬಗ್ಗೆ. ನೀವೂ ಅಂಥವರಲ್ಲಿ ಒಬ್ಬರಾಗಿದ್ದರೆ, ಈ ಯಂತ್ರ ಎಲ್ಲಿ ಹುಟ್ಟಿತು, ಹೇಗೆ ನಮ್ಮಲ್ಲಿಗೆ ಬಂತು ಎಂಬುದನ್ನು ತಿಳಿಯುವುದು ಲಾಭದಾಯಕ. ಎಚ್.ಪಿ.ಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ ಎಂಬುದನ್ನು ಆ ಚರಿತ್ರೆಯೇ ಹೇಳುತ್ತದೆ.

ಎತ್ತಿನ ಬಲ, ಎಂಜಿನಿನ ಬಲ

ಮೊದಲು ಒಂದು ಸಣ್ಣ ಲೆಕ್ಕ. ಒಳ್ಳೆಯ ಜೋಡಿ ಎತ್ತು ದಣಿಯದೆ ಸುಮಾರು 80 ಕಿ.ಗ್ರಾಂ. ತೂಕದಷ್ಟು ಬಲದಿಂದ ನೇಗಿಲನ್ನು ಎಳೆಯಬಲ್ಲದು. ಅದರ ನಡಿಗೆ ಸೆಕೆಂಡಿಗೆ ಸುಮಾರು 0.9 ಮೀಟರ್. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ. ಇಲ್ಲಿ ಅದು ಸುಮಾರು 700 ವಾಟ್. ಒಂದು ಅಶ್ವಶಕ್ತಿ, ಅಂದರೆ ಅಂಗಡಿಯವರು ಹೇಳುವ ಒಂದು ಎಚ್.ಪಿ., 746 ವಾಟ್‌ಗೆ ಸಮ. ಆದ್ದರಿಂದ ಒಂದು ಜೋಡಿ ಎತ್ತು ಎಂದರೆ ಸ್ಥೂಲವಾಗಿ ಒಂದು ಅಶ್ವಶಕ್ತಿ.

ಈಗ ಕಬ್ಬಿಣದ ನೇಗಿಲನ್ನು ಟ್ರ್ಯಾಕ್ಟರಿಗೆ ಕಟ್ಟಿ 25 ಸೆಂ.ಮೀ. ಅಗಲ, 15 ಸೆಂ.ಮೀ. ಆಳದ ಸಾಲು ಹೊಡೆಯೋಣ. ಮಣ್ಣು ಹದವಾಗಿದ್ದರೆ ಇದಕ್ಕೆ ಸುಮಾರು 200 ಕಿ.ಗ್ರಾಂ. ಎಳೆತ ಬೇಕು. ಗಂಟೆಗೆ 4 ಕಿ.ಮೀ. ವೇಗದಲ್ಲಿ ಹೋದರೆ ನೇಗಿಲಿಗೆ ತಲುಪಬೇಕಾದ ಸಾಮರ್ಥ್ಯ ಮೂರು ಅಶ್ವಶಕ್ತಿಗಿಂತಲೂ ಕಡಿಮೆ. ಗೇರುಗಳಲ್ಲಿ ಮತ್ತು ಚಕ್ರ ಜಾರುವುದರಲ್ಲಿ ಆಗುವ ನಷ್ಟ ಸೇರಿಸಿದರೂ ಐದಾರು ಎಚ್.ಪಿ. ಎಂಜಿನ್ ಸಾಕು!

ಹಾಗಿದ್ದೂ ಹಳೆಯ ಟ್ರ್ಯಾಕ್ಟರುಗಳು ದೈತ್ಯಾಕಾರವಾಗಿದ್ದವು ಏಕೆ? ಎಂಜಿನ್ ಎಷ್ಟೇ ಬಲವಾಗಿರಲಿ, ಚಕ್ರ ಮಣ್ಣನ್ನು ಕಚ್ಚಿ ಹಿಡಿಯಬೇಕು. ಸಡಿಲ ಮಣ್ಣಿನಲ್ಲಿ ಟ್ರ್ಯಾಕ್ಟರಿನ ಎಳೆತವು ಚಾಲಕ ಚಕ್ರಗಳ ಮೇಲಿನ ಭಾರದ ಸುಮಾರು ಅರ್ಧವನ್ನು ದಾಟುವುದು ಕಷ್ಟ. ಅದಕ್ಕಿಂತ ಹೆಚ್ಚು ಎಳೆಯಲು ಹೋದರೆ ಚಕ್ರ ನಿಂತಲ್ಲೇ ತಿರುಗಿ ಮಣ್ಣು ತೋಡುತ್ತದೆ. ಹಾಗಾಗಿ ಉಳುಮೆಗೆ ಮಿತಿ ಹಾಕುವುದು ಹೆಚ್ಚಾಗಿ ಎಂಜಿನ್ ಅಲ್ಲ, ತೂಕ.

ಹಗುರವಾದ ಟ್ರ್ಯಾಕ್ಟರ್ ಸಾಧ್ಯವಾದದ್ದು

1917ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಅವರ ಕಾರ್ಖಾನೆಯಿಂದ ಫೋರ್ಡ್‌ಸನ್ ಎಂಬ ಟ್ರ್ಯಾಕ್ಟರ್ ಹೊರಬಂತು. ಅಂದಿನ ಇತರ ಟ್ರ್ಯಾಕ್ಟರುಗಳಿಗೆ ಹೋಲಿಸಿದರೆ ಅದು ಹಗುರ, ಬೆಲೆಯೂ ಕಡಿಮೆ. ಆದರೆ ಅದಕ್ಕೊಂದು ಅಪಾಯಕಾರಿ ದೋಷವಿತ್ತು. ಹಿಂದೆ ಕಟ್ಟಿದ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರ್ ಚಾಲಕನ ಮೇಲೆಯೇ ಮಗುಚಿಕೊಳ್ಳುತ್ತಿತ್ತು.

ಇದಕ್ಕೆ ಪರಿಹಾರ ಕಂಡುಹಿಡಿದವರು ಐರ್ಲೆಂಡ್ ಮೂಲದ ಹ್ಯಾರಿ ಫರ್ಗ್ಯುಸನ್. ನೇಗಿಲನ್ನು ಸರಪಳಿಯಲ್ಲಿ ಎಳೆಯುವ ಬದಲು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೆ ಜೋಡಿಸಿ, ಹೈಡ್ರಾಲಿಕ್ ಒತ್ತಡದಿಂದ ಎತ್ತಿ ಇಳಿಸುವ ವ್ಯವಸ್ಥೆ ಅವರದು. ಮಣ್ಣು ನೇಗಿಲನ್ನು ತಡೆದಾಗ ಉಂಟಾಗುವ ಬಲ ಈ ಕೊಂಡಿಗಳ ಮೂಲಕ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ. ಮೇಲಿನ ಕೊಂಡಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚದಂತೆ ತಡೆಯುತ್ತದೆ. ಹೀಗೆ ಸ್ವಂತ ತೂಕ ಕಡಿಮೆಯಿದ್ದರೂ ಕೆಲಸದ ವೇಳೆ ಬೇಕಾದ ಹಿಡಿತ ಸಿಕ್ಕಿತು. 1938ರಲ್ಲಿ ಫರ್ಗ್ಯುಸನ್ ಮತ್ತು ಫೋರ್ಡ್ ಕೈಕುಲುಕಿ ಮಾಡಿಕೊಂಡ ಬಾಯಿಮಾತಿನ ಒಪ್ಪಂದದ ಫಲವಾಗಿ 1939ರಲ್ಲಿ ಈ ವ್ಯವಸ್ಥೆಯಿದ್ದ ಫೋರ್ಡ್ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. ಇಂದು ನೀವು ನೋಡುವ ಪ್ರತಿಯೊಂದು ಟ್ರ್ಯಾಕ್ಟರಿನ ಹಿಂಭಾಗದಲ್ಲಿಯೂ ಆ ಮೂರು ಕೊಂಡಿಗಳಿವೆ. ಸಣ್ಣ ಟ್ರ್ಯಾಕ್ಟರ್ ಎಂಬ ಕಲ್ಪನೆ ನಿಂತಿರುವುದೇ ಅವುಗಳ ಮೇಲೆ.

ಭಾರತಕ್ಕೆ ಬಂದ ದೊಡ್ಡ ಅಳತೆ

ಸ್ವಾತಂತ್ರ್ಯದ ಹೊಸತರಲ್ಲಿ ನಮ್ಮ ದೇಶಕ್ಕೆ ಬಂದವು ಕಾಡು, ಕಳೆ ತುಂಬಿದ ಬಯಲುಗಳನ್ನು ಹಸನು ಮಾಡುವ ಭಾರಿ ಯಂತ್ರಗಳು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಟ್ರ್ಯಾಕ್ಟರಿನ ಜೋಡಣೆ ಆರಂಭವಾಯಿತು. 1960ರ ದಶಕದಲ್ಲಿ ಚೆನ್ನೈನ ಟಾಫೆ ಸಂಸ್ಥೆ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. ಹೆಸರಿನಲ್ಲಿಯೇ ಹ್ಯಾರಿ ಫರ್ಗ್ಯುಸನ್ ಇರುವುದನ್ನು ಗಮನಿಸಿ. ಈ ಸಂಸ್ಥೆಯ ಕಾರ್ಖಾನೆಗಳಲ್ಲೊಂದು ಮುಂದೆ ದೊಡ್ಡಬಳ್ಳಾಪುರದಲ್ಲಿಯೇ ಸ್ಥಾಪನೆಯಾಯಿತು. ಕೈಗಡಿಯಾರಗಳಿಂದ ಮನೆಮಾತಾಗಿದ್ದ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಚೆಕೊಸ್ಲೊವಾಕಿಯದ ತಂತ್ರಜ್ಞಾನದೊಂದಿಗೆ ಜೆಟರ್ ಟ್ರ್ಯಾಕ್ಟರ್ ಕೈಗೆತ್ತಿಕೊಂಡಿತು. ಆದರೆ ಕಾರ್ಖಾನೆ ಇದ್ದದ್ದು ಹರಿಯಾಣದ ಪಿಂಜೋರಿನಲ್ಲಿ. 2016ರಲ್ಲಿ ಆ ವಿಭಾಗ ಮುಚ್ಚಿತು.

ಉತ್ತರದ ಗೋಧಿ ಬಯಲಿನಲ್ಲಿ 25ರಿಂದ 35 ಎಚ್.ಪಿ. ಟ್ರ್ಯಾಕ್ಟರೇ ಸಣ್ಣದು. ನಮ್ಮಲ್ಲಿ ಹಾಗಲ್ಲ. ತುಂಡು ತುಂಡು ಹಿಡುವಳಿ, ನಡುನಡುವೆ ಬದು, ಕೆರೆಯ ಹಿಂದೆ ಗದ್ದೆ, ಮೇಲೆ ರಾಗಿ ಹೊಲ. ಇಂಥ ನೆಲಕ್ಕೆ ತಕ್ಕ ಯಂತ್ರ ಬೇರೆ ದಿಕ್ಕಿನಿಂದ ಬರಬೇಕಾಯಿತು.

ಜಪಾನಿನಿಂದ ವೈಟ್‌ಫೀಲ್ಡ್ ರಸ್ತೆಗೆ

ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಭೂಸುಧಾರಣೆಯಾಗಿ ಉಳುವವರಿಗೆ ನೆಲ ಸಿಕ್ಕಿತು. ಒಂದು ಕುಟುಂಬಕ್ಕೆ ಸರಾಸರಿ ಒಂದು ಹೆಕ್ಟೇರಿನ ಆಸುಪಾಸು, ಅದೂ ಬತ್ತದ ಗದ್ದೆ. ಅಲ್ಲಿನ ಎಂಜಿನಿಯರುಗಳು ಗದ್ದೆಯ ಅಳತೆಗೆ ಯಂತ್ರವನ್ನು ಇಳಿಸಿದರು. 1950ರ ದಶಕದಲ್ಲಿ ಹಿಂದೆ ನಡೆಯುತ್ತಾ ಓಡಿಸುವ ಪವರ್ ಟಿಲ್ಲರ್ ಹರಡಿತು. 1960ರ ದಶಕದಲ್ಲಿ ನಾಲ್ಕು ಚಕ್ರದ ಪುಟ್ಟ ಟ್ರ್ಯಾಕ್ಟರುಗಳು ಬಂದವು. 1969ರಲ್ಲಿ ಕುಬೋಟ ಕಂಪನಿ 21 ಎಚ್.ಪಿ.ಯ ಒಂದು ಮಾದರಿಯನ್ನು ಅಮೆರಿಕದಲ್ಲಿ ಮಾರತೊಡಗಿತು. ಅಲ್ಲಿ ಅದು ಬತ್ತ ಬೆಳೆಯುವವರ ಬದಲು ಹೊರವಲಯದಲ್ಲಿ ಮನೆಯೊಂದಿಗೆ ಕೆಲವು ಎಕರೆ ಇಟ್ಟುಕೊಂಡವರ ಯಂತ್ರವಾಯಿತು.

ಬೆಂಗಳೂರಿಗೆ ಈ ಧಾರೆ ಬಂದದ್ದು 1967ರಲ್ಲಿ. ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ವಿಎಸ್‌ಟಿ ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿ ಸ್ಥಾಪನೆಯಾಯಿತು. ಅಂದಿನ ಮೈಸೂರು ಸರ್ಕಾರವೂ ಅದರಲ್ಲಿ ಪಾಲುದಾರ. ವೈಟ್‌ಫೀಲ್ಡ್ ರಸ್ತೆಯ ಮಹದೇವಪುರದಲ್ಲಿ ಪವರ್ ಟಿಲ್ಲರುಗಳು ತಯಾರಾದವು. 1980ರ ದಶಕದಲ್ಲಿ ಇದೇ ಕಂಪನಿ ಮಿತ್ಸುಬಿಷಿಯದೇ ತಂತ್ರಜ್ಞಾನದಿಂದ 18.5 ಎಚ್.ಪಿ.ಯ, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ತಲುಪುವ ಪುಟ್ಟ ಟ್ರ್ಯಾಕ್ಟರನ್ನು ತಂದಿತು.

ನಾಲ್ಕೂ ಚಕ್ರಗಳಿಗೆ ಬಲ ಏಕೆ? ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ. 800 ಕಿ.ಗ್ರಾಂ. ತೂಗುವ ಟ್ರ್ಯಾಕ್ಟರ್ ಎಂದಿಟ್ಟುಕೊಳ್ಳಿ. ಹಿಂದಿನ ಚಕ್ರಗಳು ಮಾತ್ರ ಎಳೆದರೆ ಅವುಗಳ ಮೇಲಿನ ಭಾರವಷ್ಟೇ ಉಪಯೋಗಕ್ಕೆ ಬರುತ್ತದೆ. ನಾಲ್ಕೂ ಎಳೆದರೆ ಪೂರ್ತಿ ತೂಕ ದುಡಿಯುತ್ತದೆ. ಹಗುರವಾದ ಯಂತ್ರಕ್ಕೆ ಇದು ದೊಡ್ಡ ಲಾಭ.

ಯಂತ್ರಕ್ಕಾಗಿ ಸಾಲು ಸರಿಯಿತು

ಈ ನಡುವೆ ನಮ್ಮ ಬಯಲೂ ಬದಲಾಗುತ್ತಿತ್ತು. ಕೆರೆಗಳು ಒಣಗಿ ಕೊಳವೆಬಾವಿಗಳು ಬಂದವು. ಕೆರೆ ಹಿಂದಿನ ಗದ್ದೆಗಳು ಕಡಿಮೆಯಾಗಿ ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವು ಹೆಚ್ಚಿದವು. ಬತ್ತಕ್ಕೆಂದು ಹುಟ್ಟಿದ ಯಂತ್ರ ತೋಟಕ್ಕೆ ಕಾಲಿಟ್ಟಿತು.

ಹಿಪ್ಪುನೇರಳೆಯನ್ನು ಹಿಂದೆ ಎಲ್ಲ ಕಡೆಯೂ ಸಮ ಅಂತರದಲ್ಲಿ, ಉದಾಹರಣೆಗೆ ಮೂರು ಅಡಿಗೊಂದರಂತೆ ನೆಡುತ್ತಿದ್ದರು. ಅದರಲ್ಲಿ ಎತ್ತು ಮತ್ತು ಆಳು ಮಾತ್ರ ಓಡಾಡಲು ಸಾಧ್ಯ. ರೇಷ್ಮೆ ವಿಜ್ಞಾನಿಗಳು ಜೋಡಿ ಸಾಲು ಪದ್ಧತಿಯನ್ನು ಶಿಫಾರಸು ಮಾಡಿದರು: ಎರಡು ಸಾಲುಗಳ ನಡುವೆ 3 ಅಡಿ, ಆ ಜೋಡಿಯಿಂದ ಮುಂದಿನ ಜೋಡಿಗೆ 5 ಅಡಿ, ಸಾಲಿನೊಳಗೆ ಗಿಡದಿಂದ ಗಿಡಕ್ಕೆ 2 ಅಡಿ. ಆ 5 ಅಡಿಯ ಹಾದಿಯಲ್ಲಿ ಟಿಲ್ಲರ್ ಅಥವಾ ಮೂರು ನಾಲ್ಕು ಅಡಿ ಅಗಲದ ಸಣ್ಣ ಟ್ರ್ಯಾಕ್ಟರ್ ಹೋಗಬಲ್ಲದು. ಐದೂವರೆ ಆರು ಅಡಿ ಅಗಲದ ದೊಡ್ಡ ಟ್ರ್ಯಾಕ್ಟರ್ ಹೋಗಲಾರದು. ಇಲ್ಲಿ ಎಚ್.ಪಿ.ಯ ಪ್ರಶ್ನೆಯೇ ಏಳುವುದಿಲ್ಲ, ಏಳುವುದು ಅಡಿಯ ಪ್ರಶ್ನೆ.

ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯದು ಇನ್ನೊಂದು ಪಾಠ. ಅದರ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಚಪ್ಪರದ ಎತ್ತರ ಸಾಮಾನ್ಯವಾಗಿ 6ರಿಂದ 7 ಅಡಿ. ಅಗಲ ಸರಿಯಿದ್ದರೂ ಟ್ರ್ಯಾಕ್ಟರಿನ ಹೊಗೆಕೊಳವೆ ಅಥವಾ ಚಾಲಕನ ರಕ್ಷಣೆಗಿರುವ ಕಮಾನು ತಂತಿಗೆ ತಾಗಬಹುದು. ಮಡಚಬಹುದಾದ ಕಮಾನಿದ್ದರೆ ಚಪ್ಪರದ ಕೆಳಗೆ ಮಡಚಿ, ಹೊರಗೆ ಬಂದೊಡನೆ ಎತ್ತಿ ನಿಲ್ಲಿಸಬೇಕು. ಬದು ಇಳಿಯುವಾಗ ಟ್ರ್ಯಾಕ್ಟರ್ ಮಗುಚಿದರೆ ಜೀವ ಉಳಿಸುವುದು ಆ ಕಮಾನೇ. ಅಡ್ಡಿಯೆಂದು ಅದನ್ನು ಕಳಚಿಡುವುದು ಖಂಡಿತ ಬೇಡ.

ಕೊಳ್ಳುವ ಮುನ್ನ

ಹಾಗಾದರೆ ಅಂಗಡಿಗೆ ಹೋಗುವ ಮೊದಲು ಒಂದು ಅಳತೆ ಟೇಪು ಹಿಡಿದು ನಿಮ್ಮ ಜಮೀನಿಗೇ ಹೋಗಿ.

ಮೊದಲನೆಯದು, ಅತಿ ಕಿರಿದಾದ ಸಾಲು, ಗೇಟು ಮತ್ತು ದಾರಿಯ ಅಗಲ. ಯಂತ್ರದ ಎರಡು ಪಕ್ಕಗಳಲ್ಲೂ ಕನಿಷ್ಠ ಅರ್ಧ ಅಡಿ ಬಿಡುವು ಇರಲಿ. ಸಾಲಿನ ತುದಿಯಲ್ಲಿ ತಿರುಗಿಸಲು ಎಷ್ಟು ಜಾಗವಿದೆ ಎಂಬುದನ್ನೂ ಬರೆದುಕೊಳ್ಳಿ.

ಎರಡನೆಯದು, ಮಾಡಬೇಕಾದ ಕೆಲಸ. ನೇಗಿಲಿಗೆ ತೂಕ ಮುಖ್ಯವಾದರೆ ರೋಟವೇಟರಿಗೆ ಎಂಜಿನ್ ಮುಖ್ಯ. ಅದರ ಅಲಗುಗಳನ್ನು ತಿರುಗಿಸುವುದು ಟ್ರ್ಯಾಕ್ಟರಿನ ಹಿಂಬದಿಯ ಪಿ.ಟಿ.ಒ. ದಂಡ. ಒಂದು ಮೀಟರ್ ಅಗಲದ ರೋಟವೇಟರಿಗೆ 15ರಿಂದ 20 ಎಚ್.ಪಿ. ವರ್ಗ ಹೊಂದುತ್ತದೆ. ಎಂಜಿನಿನ ಎಚ್.ಪಿ. ಬೇರೆ, ಈ ದಂಡಕ್ಕೆ ತಲುಪುವ ಎಚ್.ಪಿ. ಬೇರೆ. ಎರಡನೆಯದನ್ನು ಕೇಳಿ. ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಮಾರಾಟಗಾರರ ಬಣ್ಣದ ಪತ್ರಕ್ಕಿಂತ ಪರೀಕ್ಷಾ ವರದಿಯ ಅಂಕಿಗಳೇ ನಂಬಲರ್ಹ.

ಮೂರನೆಯದು, ಮಣ್ಣು. ನಮ್ಮ ಕೆಂಪು ಮಣ್ಣು ಒಣಗಿದಾಗ ಕಲ್ಲಿನಂತಾಗುತ್ತದೆ. ಹದ ಕಾದು ಉತ್ತರೆ ಸಣ್ಣ ಟ್ರ್ಯಾಕ್ಟರಿಗೂ ಸುಲಭ. ಹದ ತಪ್ಪಿಸಿಕೊಂಡು ದೊಡ್ಡ ಟ್ರ್ಯಾಕ್ಟರ್ ಬಯಸುವುದು ದುಬಾರಿ ಪರಿಹಾರ. ಹಸಿ ನೆಲದಲ್ಲಿ ಭಾರದ ಯಂತ್ರ ಓಡಿಸಿದರೆ, ಅಥವಾ ವರ್ಷವಿಡೀ ಒಂದೇ ಆಳಕ್ಕೆ ರೋಟವೇಟರ್ ಹೊಡೆದರೆ, ಮೇಲ್ಮಣ್ಣಿನ ಕೆಳಗೆ ಗಟ್ಟಿ ಪದರ ಕೂರುತ್ತದೆ. ಮಳೆನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಕೊಳವೆಬಾವಿಯನ್ನೇ ನಂಬಿದ ಈ ಪ್ರದೇಶಕ್ಕೆ ಇದು ಸಣ್ಣ ನಷ್ಟವಲ್ಲ.

ಕೊಳ್ಳಲೇಬೇಕೆ?

ಕೊನೆಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಒಂದು ಮೀಟರ್ ರೋಟವೇಟರ್ ಗಂಟೆಗೆ 2.5 ಕಿ.ಮೀ. ವೇಗದಲ್ಲಿ ಸಾಗಿದರೆ ಗಂಟೆಗೆ 2,500 ಚದರ ಮೀಟರ್. ತಿರುವು, ಒಂದರ ಮೇಲೊಂದು ಬೀಳುವ ಸಾಲು ಇವುಗಳಿಗೆಂದು ಕಾಲು ಭಾಗ ಕಳೆಯಿರಿ. ಎಕರೆಗೆ ಎರಡು ಗಂಟೆಗೆ ಸ್ವಲ್ಪ ಹೆಚ್ಚು ಬೇಕು. ಎರಡು ಎಕರೆಯನ್ನು ವರ್ಷಕ್ಕೆ ಐದು ಸಲ ಹಸನು ಮಾಡಿದರೂ ಕೆಲಸ ಸುಮಾರು 22 ಗಂಟೆಗಳದ್ದು. ಅಂದರೆ ಮೂರು ದಿನ!

ಯಂತ್ರದ ಬೆಲೆ 4 ಲಕ್ಷ ರೂಪಾಯಿ, ಬಾಳಿಕೆ 10 ವರ್ಷ ಎಂದು ಹಿಡಿಯಿರಿ. ವರ್ಷಕ್ಕೆ 40,000 ರೂಪಾಯಿ. 22 ಗಂಟೆ ಓಡಿಸಿದರೆ, ಬಡ್ಡಿ, ಡೀಸೆಲ್, ರಿಪೇರಿ ಬಿಟ್ಟೇ, ಗಂಟೆಗೆ 1,800 ರೂಪಾಯಿ ಬೀಳುತ್ತದೆ. ಔಷಧಿ ಸಿಂಪಡಣೆ, ಕಳೆ ಕತ್ತರಿಸುವುದು, ಗೊಬ್ಬರ ಸಾಗಣೆ ಸೇರಿ 100 ಗಂಟೆ ಓಡಿಸಿದರೆ 400 ರೂಪಾಯಿ. ನಾಲ್ಕಾರು ಮನೆಯವರು ಕೂಡಿ 300 ಗಂಟೆ ದುಡಿಸಿದರೆ ಸುಮಾರು 133 ರೂಪಾಯಿ. ಈ ಸಂಖ್ಯೆಗಳನ್ನು ನಿಮ್ಮ ಊರಿನ ಬಾಡಿಗೆ ದರದ ಪಕ್ಕದಲ್ಲಿಟ್ಟು ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಸಾಲದ ಟ್ರ್ಯಾಕ್ಟರಿಗೆ ಚೆನ್ನಾಗಿ ಒಪ್ಪುತ್ತದೆ. ಬಾಡಿಗೆಗೆ ಯಂತ್ರ ಒದಗಿಸಲೆಂದೇ ರಾಜ್ಯ ಸರ್ಕಾರ 2014–15ರಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಆರಂಭಿಸಿತು. ಸಹಾಯಧನದ ವಿವರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿ ಮೇಳದಲ್ಲಿ ಹಲವು ಕಂಪನಿಗಳ ಯಂತ್ರಗಳನ್ನು ಒಂದೆಡೆ ಅಳೆದು ನೋಡಬಹುದು.

ಜಪಾನಿನವರು ಗದ್ದೆಯ ಅಳತೆಗೆ ಯಂತ್ರ ಮಾಡಿದರು. ನಮ್ಮ ರೇಷ್ಮೆ ಬೆಳೆಗಾರರು ಯಂತ್ರಕ್ಕೆ ದಾರಿಯಾಗುವಂತೆ ಸಾಲು ಸರಿಸಿದರು. ಇಬ್ಬರೂ ಮೊದಲು ಅಳೆದದ್ದು ನೆಲವನ್ನು. ಘಾಟಿಯ ಜಾತ್ರೆಯಲ್ಲಿ ಜೋಡಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದಂತೆ, ನೀವು ಕೊಳ್ಳಲಿರುವ ಟ್ರ್ಯಾಕ್ಟರನ್ನೂ ನಿಮ್ಮದೇ ಸಾಲಿನಲ್ಲಿ ಒಮ್ಮೆ ಓಡಿಸಿ ತೋರಿಸಲು ಕೇಳಿ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ.