ಸಮಸ್ಯಾಪೂರಣವೂ ಕಂತಿಯೂ

ಕಾವ್ಯರಚನೆಯನ್ನು ತಪಸ್ಸೆಂದು ಭಾವಿಸಿದ ನಮ್ಮ ಪೂರ್ವಿಕರೇ ಅದನ್ನು ಆಟವನ್ನಾಗಿಯೂ ಆಡಿದರು. ವಾತ್ಸ್ಯಾಯನನು ಕಾಮಸೂತ್ರದಲ್ಲಿ ಎಣಿಸಿರುವ 64 ಕಲೆಗಳಲ್ಲಿ ಒಗಟೆಂಬ ಪ್ರಹೇಲಿಕೆಯೂ, ಈಗ ಅಂತ್ಯಾಕ್ಷರಿಯೆಂದು ಕರೆಯಲ್ಪಡುವ ಪ್ರತಿಮಾಲೆಯೂ, ಕಾವ್ಯಸಮಸ್ಯಾಪೂರಣವೂ ಸೇರಿವೆ. ಆಲಂಕಾರಿಕನಾದ ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆಗಳನ್ನು ವಿಂಗಡಿಸಿ, ಗೋಷ್ಠಿಗಳ ವಿನೋದಕ್ಕೆ ಅವು ಉಪಯುಕ್ತವೆಂದು ಒಪ್ಪಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಅರಸನ ಕ್ರೀಡೆಗಳ ಸಾಲಿನಲ್ಲಿ ಚದುರಂಗ, ಪಗಡೆಗಳೊಡನೆ ಪ್ರಹೇಲಿಕೆಗೆ ಸ್ಥಾನವುಂಟು.

ಇವುಗಳಲ್ಲಿ ಕವಿಯ ಸತ್ತ್ವವನ್ನು ಹೆಚ್ಚಾಗಿ ಒರೆಗೆ ಹಚ್ಚುವುದು ಸಮಸ್ಯಾಪೂರಣವೇ. ಪೃಚ್ಛಕನು ಪದ್ಯದ ಕಡೆಯ ಪಾದವೊಂದನ್ನು ಮಾತ್ರ ಕೊಡುತ್ತಾನೆ. ಅದು ನೋಟಕ್ಕೆ ಅಸಂಬದ್ಧವಾಗಿಯೋ ಅನುಚಿತವಾಗಿಯೋ ಇರುತ್ತದೆ. ಉಳಿದ ಮೂರು ಪಾದಗಳನ್ನು ಅದೇ ಛಂದಸ್ಸಿನಲ್ಲಿ ಕಟ್ಟಿ, ಅಸಂಬದ್ಧವನ್ನು ಸುಸಂಬದ್ಧವನ್ನಾಗಿ ಮಾಡುವುದು ಕವಿಯ ಹೊಣೆ. ಸಂಸ್ಕೃತದಲ್ಲಿ ಇಷ್ಟಾದರೆ ಸಾಕು. ಕನ್ನಡದಲ್ಲಿ ಇನ್ನೊಂದು ಕಟ್ಟುಂಟು: ಪ್ರತಿ ಪಾದದ ಎರಡನೆಯ ಅಕ್ಷರವು ಒಂದೇ ವ್ಯಂಜನವಾಗಿರಬೇಕೆಂಬ ಆದಿಪ್ರಾಸದ ನಿಯಮ. ಆದುದರಿಂದ ಕೊಟ್ಟ ಪಾದವೊಂದೇ ಉಳಿದ ಮೂರರ ಪ್ರಾಸವನ್ನೂ ಮೊದಲೇ ಗೊತ್ತುಮಾಡಿಬಿಡುತ್ತದೆ.

ಉದಾಹರಣೆಗೆ, ‘ನರನು ಕಡಲನು ಹಾರಿದನು’ ಎಂದು ಸಮಸ್ಯೆಯನ್ನು ಕೊಟ್ಟರೆನ್ನೋಣ. ಮನುಷ್ಯನು ಕಡಲನ್ನು ಹಾರುವುದೆಂತು? ಜಾಣನಾದ ಕವಿಯು ಮೂರನೆಯ ಪಾದವನ್ನು ‘ವಾ’ ಎಂಬ ಅಕ್ಷರದಿಂದ ಮುಗಿಸುತ್ತಾನೆ. ಕೂಡಲೇ ನರನು ವಾನರನಾಗುತ್ತಾನೆ, ಲಂಕೆಗೆ ಹೊರಟ ಹನುಮಂತನು ಕಣ್ಣೆದುರಿಗೆ ನಿಲ್ಲುತ್ತಾನೆ. ಆದರೂ ಮೊದಲ ಮೂರು ಪಾದಗಳ ಎರಡನೆಯ ಅಕ್ಷರವು ರಕಾರವೇ ಆಗಿರಬೇಕು. ಪದಚ್ಛೇದವನ್ನು ಬದಲಿಸುವುದು, ಮಾತನ್ನು ಮತ್ತೊಬ್ಬರ ಬಾಯಲ್ಲಿಡುವುದು, ಪುರಾಣಪ್ರಸಂಗವೊಂದಕ್ಕೆ ಅಳವಡಿಸುವುದು ಇವೇ ಪರಿಹಾರದ ಮುಖ್ಯ ಮಾರ್ಗಗಳು.

ಕನ್ನಡದಲ್ಲಿ ಈ ಕಲೆಯ ಮಾತೆತ್ತಿದೊಡನೆ ನೆನಪಿಗೆ ಬರುವುದು ‘ಕಂತಿ ಹಂಪನ ಸಮಸ್ಯೆಗಳು’ ಎಂಬ ಪದ್ಯಸಮೂಹ. ಹಂಪನೆಂದರೆ ಅಭಿನವಪಂಪನೆಂದು ಬಿರುದಾಂತ, ಮಲ್ಲಿನಾಥಪುರಾಣ ಮತ್ತು ರಾಮಚಂದ್ರಚರಿತಪುರಾಣಗಳ ಕರ್ತೃವಾದ ನಾಗಚಂದ್ರ. ಅವನ ಕಾಲವು ಸುಮಾರು 1100. ಹೊಯ್ಸಳ ಆಸ್ಥಾನದಲ್ಲಿ ಅವನು ಸಮಸ್ಯೆಯನ್ನೊಡ್ಡುತ್ತಿದ್ದನೆಂದೂ, ಕಂತಿಯೆಂಬ ಜೈನಕವಯಿತ್ರಿಯು ತಡೆಯಿಲ್ಲದೆ ಪೂರೈಸುತ್ತಿದ್ದಳೆಂದೂ ಐತಿಹ್ಯ. ಅವಳ ಬಾಯಿಂದ ತನ್ನ ಹೊಗಳಿಕೆಯನ್ನು ಕೇಳಲಾರದೆ ಹೋದ ಕವಿಯು ಕೊನೆಗೆ ಸತ್ತಂತೆ ನಟಿಸಿದನಂತೆ. ಅವಳು ಬಂದು ಮರುಗಿ ಹಾಡಿ ಹೊಗಳಲು ಎದ್ದು ಕುಳಿತನಂತೆ.

ಈ ಕಥೆಯನ್ನು ಎಷ್ಟರಮಟ್ಟಿಗೆ ಚರಿತ್ರೆಯೆಂದು ಗ್ರಹಿಸಬಹುದು? ಅದನ್ನು ವಿಸ್ತಾರವಾಗಿ ಹೇಳುವುದು ದೇವಚಂದ್ರನ ರಾಜಾವಳೀಕಥೆ. ಅದು 19ನೆಯ ಶತಮಾನದ ಪೂರ್ವಾರ್ಧದ ಗ್ರಂಥ. ಎರಡಕ್ಕೂ ನಡುವೆ ಏಳು ಶತಮಾನಗಳ ಅಂತರ. ‘ಪಂಪ’ನು ‘ಹಂಪ’ನಾಗಿರುವುದನ್ನು ನೋಡಿದರೆ, ಪಕಾರವು ಹಕಾರವಾದ ಮೇಲಣ ಜನರ ನಾಲಗೆಯ ಮೇಲೆ ಈ ಹೆಸರು ಹರಿದುಬಂದಿತೆಂಬುದು ಸ್ಪಷ್ಟ. ‘ಕಂತಿ’ಯೆಂಬುದು ಕೂಡ ಜೈನ ಸಂನ್ಯಾಸಿನಿಯರಿಗೆ ಸಲ್ಲುವ ಸಾಮಾನ್ಯ ನಾಮ, ಶ್ರವಣಬೆಳ್ಗೊಳದ ಶಾಸನಗಳಲ್ಲಿ ಅನೇಕ ಕಂತಿಯರು ಕಾಣಸಿಗುತ್ತಾರೆ. ಆದಕಾರಣ ಅದು ಅವಳ ಸ್ವಂತ ಹೆಸರೆಂದು ನಿಶ್ಚಯಿಸಲಾಗದು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಪ್ರಕಟವಾದಂದಿನಿಂದ ಅವಳನ್ನು ಕನ್ನಡದ ಮೊದಲ ಕವಯಿತ್ರಿಯೆನ್ನುವ ಮಾತು ಪ್ರಚಾರದಲ್ಲಿದ್ದರೂ, ಸಂಶಯವು ನೀಗಿಲ್ಲ.

ಐತಿಹ್ಯದಲ್ಲಿ ಇನ್ನೊಂದು ಅಂಶವು ವಿಚಾರಾರ್ಹವಾಗಿದೆ. ಉಪಾಧ್ಯಾಯನೊಬ್ಬನು ಬುದ್ಧಿಮಾಂದ್ಯವನ್ನು ಕಳೆಯಲೆಂದು ಸಿದ್ಧಪಡಿಸಿದ್ದ ಜ್ಯೋತಿಷ್ಮತೀ ತೈಲವನ್ನು ಕಂತಿಯು ಕುಡಿದುಬಿಟ್ಟಳೆಂದೂ, ಅದರ ಉರಿಯನ್ನು ತಾಳಲಾರದೆ ಬಾವಿಗಿಳಿದಳೆಂದೂ, ಅಲ್ಲಿಯೇ ಕವಿತ್ವವು ಸ್ಫುರಿಸಿತೆಂದೂ ಅದು ಹೇಳುತ್ತದೆ. ಕಾಳಿದಾಸನ ಕಥೆಯಲ್ಲಿ ಕವಿತ್ವವನ್ನು ಕೊಡುವವಳು ದೇವಿ. ಕಂತಿಯ ಕಥೆಯಲ್ಲಿ ಅದು ತೈಲಪಾತ್ರೆಯಿಂದ ಬಂದಿದೆ. ಸ್ತ್ರೀಯೊಬ್ಬಳು ವ್ಯಾಸಂಗದಿಂದಲೇ ವಿದುಷಿಯಾದಳೆಂದು ಒಪ್ಪಲು ಕಥೆಗಾರನಿಗೆ ಮನಸ್ಸು ಬರಲಿಲ್ಲವೆಂದು ತೋರುತ್ತದೆ. ಆದರೆ ಸಮಸ್ಯಾಪೂರಣಕ್ಕೆ ಬೇಕಾದ ಛಂದೋಜ್ಞಾನ, ಶಬ್ದಸಂಪತ್ತು, ಪುರಾಣಪರಿಚಯಗಳು ದೀರ್ಘಾಭ್ಯಾಸವಿಲ್ಲದೆ ಲಭಿಸತಕ್ಕವಲ್ಲ. ಆ ಪದ್ಯಗಳನ್ನು ಕಟ್ಟಿದವರು ಯಾರೇ ಆಗಿರಲಿ, ಓದಿ ಪಳಗಿದವರೇ ಸರಿ.

ಆಟವಾದರೋ ಅಳಿಯಲಿಲ್ಲ. ನಿಷೇಧಾಕ್ಷರಿ, ದತ್ತಪದಿ, ಆಶುಕವಿತ್ವಗಳೊಡನೆ ಸಮಸ್ಯಾಪೂರಣವೂ ಅಷ್ಟಾವಧಾನದ ಅಂಗವಾಗಿ ನಿಂತಿತು. 20ನೆಯ ಶತಮಾನದ ಕೊನೆಯಲ್ಲಿ ಆರ್. ಗಣೇಶರು ಕನ್ನಡದಲ್ಲಿ ಅವಧಾನಕಲೆಗೆ ಮರಳಿ ಕಳೆಯೇರಿಸಿ, 1991ರಲ್ಲಿ ಶತಾವಧಾನವನ್ನೂ ನಡೆಸಿದರು. ಇತ್ತ ಕಂತಿಯ ಹೆಸರಿನಲ್ಲಿ ಮಹಾಕಾವ್ಯವಾಗಲಿ ಪುರಾಣವಾಗಲಿ ಉಳಿದಿಲ್ಲ. ಪಂಡಿತರು ವಿನೋದವೆಂದು ಬದಿಗಿಟ್ಟ ಈ ಬಿಡಿ ಪದ್ಯಗಳೇ ಅವಳನ್ನು ಇಂದಿನವರೆಗೆ ತಂದು ಮುಟ್ಟಿಸಿವೆ. ಪಾದವನ್ನು ಕೊಟ್ಟವನು ಮಹಾಕವಿಯಾದರೂ, ಪದ್ಯವನ್ನು ಪೂರ್ಣಗೊಳಿಸಿದವಳು ಅವಳೆಂಬುದನ್ನು ಐತಿಹ್ಯವು ಒಮ್ಮೆಯೂ ಅಲ್ಲಗಳೆದಿಲ್ಲ.