ಮುಧೋಳದ ಬೇಟೆನಾಯಿಯೂ ಓಟದ ಛಾಯಾಚಿತ್ರವೂ

ಘಟಪ್ರಭೆಯ ದಂಡೆಯ ಮುಧೋಳವು ಕನ್ನಡಿಗರಿಗೆ ರನ್ನನ ನಾಡೆಂದು ಪರಿಚಿತವಾದುದು. ಹೊರನಾಡಿಗರಲ್ಲಿ ಅದರ ಹೆಸರನ್ನು ಹರಡಿದುದು ಬೇಟೆನಾಯಿ. ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆಯ ಇಲಾಖೆಯು ಅದರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು. ತಿಮ್ಮಾಪುರದಲ್ಲಿ ಇದಕ್ಕೆಂದೇ ಒಂದು ಸಂಶೋಧನ ಕೇಂದ್ರವೂ ಇದೆ. ಆದರೆ ಕಾಯಿದೆಯಿಂದ ಮೊಲದ ಬೇಟೆ ಇಂದು ನಿಷಿದ್ಧವಾಗಿರುವುದರಿಂದ, ಓಟಕ್ಕಾಗಿಯೇ ಹುಟ್ಟಿದ ಈ ಪ್ರಾಣಿಯನ್ನು ಬಹುಮಂದಿ ಕಾಣುವುದು ಹಗ್ಗದ ತುದಿಯಲ್ಲಿ ನಿಂತಂತೆ. ಅದರ ಓಟವನ್ನು ಚಿತ್ರದಲ್ಲಾದರೂ ಉಳಿಸಿಕೊಳ್ಳದಿದ್ದರೆ ನಾಯಿಯ ಅರ್ಧ ಗುಣವೇ ಮರೆಯಾದಂತೆ.

ಓಡುವ ಪ್ರಾಣಿಯ ಕಾಲುಗಳು ಹೇಗಿರುವುವೆಂಬುದನ್ನು ಬರಿಗಣ್ಣು ಎಂದೂ ಅರಿತಿರಲಿಲ್ಲ. ಯುರೋಪಿನ ಚಿತ್ರಕಾರರು ಧಾವಿಸುವ ಕುದುರೆಯನ್ನು, ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ, ಲೀಲಂಡ್ ಸ್ಟ್ಯಾನ್‌ಫರ್ಡನೆಂಬ ಧನಿಕನ ಆಶ್ರಯದಿಂದ, ಎಡ್ವರ್ಡ್ ಮೈಬ್ರಿಜನು 12 ಕ್ಯಾಮೆರಾಗಳನ್ನು ಸಾಲಾಗಿ ಹೂಡಿ ದಾರಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದನು. ಕುದುರೆ ಒಂದೊಂದು ದಾರವನ್ನು ಹರಿದಂತೆ ಒಂದೊಂದು ಚಿತ್ರ ಮೂಡಿತು. ಅದರ ನಾಲ್ಕು ಕಾಲುಗಳೂ ನೆಲವನ್ನು ಬಿಡುವುದು ಅವು ಹೊಟ್ಟೆಯಡಿ ಕೂಡಿದಾಗಲೇ ಹೊರತು ಚಾಚಿದಾಗಲ್ಲವೆಂದು ಸಿದ್ಧವಾಯಿತು. ಚಿತ್ರಕಾರರಿಗೆ ಇದು ರುಚಿಸದೆ ಹೋದುದು ಸಹಜವೇ.

ಮೈಬ್ರಿಜನು 1887ರಲ್ಲಿ ಪ್ರಕಟಿಸಿದ 781 ಫಲಕಗಳಲ್ಲಿ ಓಡುವ ಬೇಟೆನಾಯಿಯೂ ಉಂಟು. ಇಲ್ಲಿಯೇ ಸ್ವಾರಸ್ಯ. ಗ್ರೇಹೌಂಡು ಮೊದಲಾದ ವೇಗದ ನಾಯಿಗಳು ಒಂದೊಂದು ನೆಗೆತದಲ್ಲಿ ಎರಡು ಬಾರಿ ನೆಲವನ್ನು ಬಿಡುವುವು: ಕಾಲುಗಳು ಕೂಡಿದಾಗ ಒಮ್ಮೆ, ಪೂರ್ತಿಯಾಗಿ ಚಾಚಿದಾಗ ಇನ್ನೊಮ್ಮೆ. ಕುದುರೆಯ ವಿಷಯದಲ್ಲಿ ಸುಳ್ಳಾದ ಹಳೆಯ ಭಂಗಿಯು ಮುಧೋಳದ ನಾಯಿಯಂಥ ಬೇಟೆನಾಯಿಗಳ ವಿಷಯದಲ್ಲಿ ದಿಟವೇ ಆಯಿತು!

ಕರ್ನಾಟಕದಲ್ಲಿ ಚಲಿಸುವ ಪ್ರಾಣಿಗಳ ಚಿತ್ರ ತೆಗೆಯುವ ವಿದ್ಯೆಯು ಬೆಂಗಳೂರಿನಲ್ಲಿ ಗುರುಮುಖದಿಂದಲೇ ಬೆಳೆಯಿತು. ಒ.ಸಿ. ಎಡ್ವರ್ಡ್ಸರ ಬಳಿ ಕಲಿತ ಟಿ.ಎನ್.ಎ. ಪೆರುಮಾಳರು (1932–2017) ತಾವೂ ಅನೇಕರಿಗೆ ಗುರುವಾದರು. 1971ರಲ್ಲಿ ಅಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯು ಶಿಬಿರಗಳ ಮೂಲಕ ಈ ಕಲೆಯನ್ನು ಹೊಸಬರ ಕೈಗೆ ದಾಟಿಸುತ್ತ ಬಂದಿತು. ಪುಸ್ತಕಗಳಿಗೆ ಕೊರತೆಯಿರಲಿಲ್ಲ, ಕೈಗೆ ಬೇಕಾದ ಅಭ್ಯಾಸ ಅವುಗಳಲ್ಲಿ ದೊರೆಯದು.

ಏಕೆಂಬುದನ್ನು ಲೆಕ್ಕವೇ ತಿಳಿಸುವುದು. ತಾಸಿಗೆ 50 ಕಿಲೋಮೀಟರಿನಂತೆ ಓಡುವ ನಾಯಿಯು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ 14 ಮಿಲಿಮೀಟರು ಸಾಗುವುದು. ಅರವತ್ತರ ಒಂದು ಪಾಲಿನಲ್ಲಿ 23 ಸೆಂಟಿಮೀಟರು. ಮೊದಲನೆಯ ವೇಗದಲ್ಲಿ ನಾಯಿ ಶಿಲೆಯಂತೆ ನಿಲ್ಲುವುದು. ಎರಡನೆಯದರಲ್ಲಿ ಕ್ಯಾಮೆರಾವನ್ನು ನಾಯಿಯೊಡನೆಯೇ ತಿರುಗಿಸುತ್ತ ಗುಂಡಿಯನ್ನು ಒತ್ತಬೇಕು. ಆಗ ನೆಲವು ಗೆರೆಗೆರೆಯಾಗಿ ಹರಿದು ನಾಯಿಯ ಮುಖವೊಂದು ಸ್ಪಷ್ಟವಾಗಿ ಉಳಿಯುವುದು. ಎರಡನೆಯದೇ ಓಟಕ್ಕೆ ಹೆಚ್ಚು ನ್ಯಾಯವಾದ ಚಿತ್ರ, ಕಷ್ಟವಾದುದೂ ಅದೇ. ಒಂದು ನೆಗೆತಕ್ಕೆ ಹಿಡಿಯುವುದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು; ಕಣ್ಣು ಕಂಡು ಬೆರಳು ಒತ್ತುವುದರೊಳಗೆ ಭಂಗಿ ಬದಲಾಗಿರುವುದು. ಆದಕಾರಣ ಕಲಿಯುವವರು ಹೊಲದ ಬದುವಿನ ಮೇಲೆ ನಿಂತು, ಬಟ್ಟೆಯ ಚಿಂದಿಯನ್ನು ಎಳೆಯಿಸಿ ನಾಯಿಯನ್ನು ಮತ್ತೆ ಮತ್ತೆ ಓಡಿಸಬೇಕು. ನಡುನಡುವೆ ಅದಕ್ಕೆ ನೀರು, ನೆರಳು, ವಿಶ್ರಾಂತಿ ಬೇಕು. ನಾಯಿಗೆ ದಣಿವಾದೊಡನೆ ಅಂದಿನ ಪಾಠವೂ ಮುಗಿಯುವುದು.