ಹತ್ತು ತಲೆಯ ರಾವಣನಿಗೆ ಎಷ್ಟು ಮುಖ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮೇಲೆ ರಾವಣ ಕೈಲಾಸವನ್ನು ಎತ್ತಿ ನಿಂತಿದ್ದಾನೆ. ಕೆಳಗೆ ಅವನ ಹಲವು ತಲೆ, ಹಲವು ತೋಳು. ಮೇಲೆ ನಿಶ್ಚಿಂತೆಯಿಂದ ಕುಳಿತ ಶಿವ-ಪಾರ್ವತಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲೂ ಇದೇ ಪ್ರಸಂಗವಿದೆ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ರಾವಣ ಗರ್ವದಿಂದ ಬೆಟ್ಟವನ್ನು ಅಲುಗಿಸಿದ. ಶಿವ ಕಾಲ್ಬೆರಳಿನಿಂದ ಮೆಲ್ಲಗೆ ಒತ್ತಿದ. ಬೆಟ್ಟದಡಿ ಸಿಕ್ಕಿಬಿದ್ದವನು ಲೋಕವೇ ನಡುಗುವಂತೆ ಕೂಗಿಕೊಂಡ. ಆ ಕೂಗಿನಿಂದಲೇ ಅವನಿಗೆ ರಾವಣ ಎಂಬ ಹೆಸರು ಬಂತು.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಿಂದ ಹಳೇಬೀಡಿಗೆ ಪ್ರವಾಸ ಬರುವ ಶಾಲೆಯ ಮಕ್ಕಳು ಈ ಶಿಲ್ಪವನ್ನು ನೋಡಿ, ಅಲ್ಲಿಂದ ತುಸು ದೂರ ನಡೆದರೆ ಬಸದಿಹಳ್ಳಿ ಸಿಗುತ್ತದೆ. ಅಲ್ಲಿರುವ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪದೇವ ಕಟ್ಟಿಸಿದ. ಆ ಕಾಲದ ಜೈನರು ಕೇಳಿ ಬೆಳೆದ ರಾಮಾಯಣದಲ್ಲೂ ರಾವಣ ಕೈಲಾಸವನ್ನು ಎತ್ತುತ್ತಾನೆ, ಕೂಗುತ್ತಾನೆ, ಹೆಸರನ್ನೂ ಪಡೆಯುತ್ತಾನೆ. ಆದರೆ ಬೆಟ್ಟದ ಮೇಲಿರುವವನು ಶಿವನಲ್ಲ, ವಾಲಿ! ರಾಜ್ಯ ಬಿಟ್ಟು ದೀಕ್ಷೆ ಪಡೆದು ತಪಸ್ಸಿಗೆ ನಿಂತ ವಾಲಿಮುನಿ ಬೆರಳೂರಿ ರಾವಣನ ಗರ್ವವನ್ನು ಇಳಿಸುತ್ತಾನೆ. ಒಂದೇ ಊರು, ಒಂದೇ ಕಾಲ, ಒಂದೇ ಬೆಟ್ಟ. ಕಥೆ ಮಾತ್ರ ಎರಡು.

ಒಂದು ಪಾತ್ರ ಕಥೆಯಿಂದ ಕಥೆಗೆ ಹೀಗೆ ಬೇರೆಯಾಗುವುದು ಇಂದಿನ ಮಕ್ಕಳಿಗೆ ಹೊಸ ವಿಷಯವೇನಲ್ಲ. ಅವರು ಅದನ್ನು ವಿಡಿಯೊ ಗೇಮ್‌ಗಳಲ್ಲಿ ಕಂಡಿದ್ದಾರೆ. ಜಪಾನಿನ ಸ್ಕ್ವೇರ್ ಸಂಸ್ಥೆ 1997ರಲ್ಲಿ ತಂದ ‘ಫೈನಲ್ ಫ್ಯಾಂಟಸಿ 7’ ಆಟದ ನಾಯಕ ಕ್ಲೌಡ್, ಸತ್ತ ಗೆಳೆಯನ ನೆನಪುಗಳನ್ನೇ ತನ್ನವೆಂದು ನಂಬಿಕೊಂಡ ಕೂಲಿ ಸೈನಿಕ. ಆಟದಲ್ಲಿ ಅವನು ಬಿಗುಮಾನದವನೂ ಹೌದು, ನಗಿಸುವವನೂ ಹೌದು. 2005ರಲ್ಲಿ ಬಂದ ಮುಂದುವರಿದ ಕಥೆಯ ಚಲನಚಿತ್ರದಲ್ಲಿ ಅವನು ಪಶ್ಚಾತ್ತಾಪದಲ್ಲಿ ಮುಳುಗಿದ ಮೌನಿ. 2007ರ ಪೂರ್ವಕಥೆಯಲ್ಲಿ ಆ ಸತ್ತ ಗೆಳೆಯನೇ ನಾಯಕ. 2020ರಲ್ಲಿ ಹಳೆಯ ಆಟವನ್ನು ಹೊಸದಾಗಿ ಕಟ್ಟಿದಾಗ ರಚನೆಕಾರರು ಒಂದು ತಮಾಷೆ ಮಾಡಿದರು. ಕಥೆ ಮೂಲದ ದಾರಿ ಬಿಟ್ಟು ಹೊರಳಿದಾಗಲೆಲ್ಲ ಅದನ್ನು ಮತ್ತೆ ಹಳೆಯ ಜಾಡಿಗೆ ತಳ್ಳುವ ನೆರಳುಗಳನ್ನೇ ಪಾತ್ರಗಳಾಗಿ ತಂದರು. ನಾಯಕರು ಆ ನೆರಳುಗಳ ಜೊತೆ ಹೋರಾಡಬೇಕಾಗುತ್ತದೆ!

ರಾಮಾಯಣದ ಚರಿತ್ರೆಯಲ್ಲಿ ಇದೆಲ್ಲವೂ ಬಹಳ ಹಿಂದೆಯೇ ನಡೆದುಹೋಗಿದೆ. ಕೈಲಾಸ ಎತ್ತಿದ ಪ್ರಸಂಗವನ್ನೇ ನೋಡಿ. ಅದು ಬರುವುದು ಉತ್ತರಕಾಂಡದಲ್ಲಿ. ಯುದ್ಧ ಮುಗಿದು ಪಟ್ಟಾಭಿಷೇಕವಾದ ಮೇಲೆ ಅಗಸ್ತ್ಯರು ರಾಮನಿಗೆ ರಾವಣನ ಹುಟ್ಟು, ತಪಸ್ಸು, ವರ, ದಿಗ್ವಿಜಯಗಳನ್ನು ಹೇಳುತ್ತಾರೆ. ಉತ್ತರಕಾಂಡ ವಾಲ್ಮೀಕಿಯ ಮೂಲಕ್ಕೆ ಆಮೇಲೆ ಸೇರಿದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕೇಳುಗರಿಗೆ ಖಳನ ಮೇಲೆ ಕುತೂಹಲ ಬೆಳೆದಾಗ ಅವನಿಗೊಂದು ಪೂರ್ವಕಥೆ ಬೇಕಾಯಿತು ಎಂದು ಊಹಿಸಬಹುದು.

ಕನ್ನಡದಲ್ಲಿ ಈ ಪಾತ್ರಕ್ಕೆ ದೊಡ್ಡ ತಿರುವು ಸಿಕ್ಕಿದ್ದು ಹೊಯ್ಸಳರ ಕಾಲದ ಆರಂಭದಲ್ಲೇ. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರ ಸುಮಾರು 1100ರ ಹೊತ್ತಿಗೆ ‘ರಾಮಚಂದ್ರಚರಿತಪುರಾಣ’ ಬರೆದ. ಪ್ರಾಕೃತದಲ್ಲಿ ವಿಮಲಸೂರಿ ಹಾಕಿಕೊಟ್ಟ ಜೈನ ಪರಂಪರೆ ಅವನದು. ಅಲ್ಲಿ ರಾವಣನಿಗೆ ಹತ್ತು ತಲೆಯಿಲ್ಲ. ಕೊರಳ ಹಾರದ ಮಣಿಗಳಲ್ಲಿ ಮುಖ ಪ್ರತಿಫಲಿಸಿದ್ದರಿಂದ ದಶಮುಖನೆಂಬ ಹೆಸರು. ವಾನರರು ಕಪಿಗಳಲ್ಲ, ಕಪಿಧ್ವಜದ ವಿದ್ಯಾಧರರು. ರಾವಣ ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ವ್ರತ ತೊಟ್ಟವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ. ಕೊನೆಗೆ ಅವಳ ದುಃಖವನ್ನು ಕಣ್ಣಾರೆ ಕಂಡು ಮನಸ್ಸು ತಿಳಿಯಾಗುತ್ತದೆ, ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಲೋಕ ಹೇಡಿ ಎಂದೀತು. ಗೆದ್ದು ಒಪ್ಪಿಸುವೆ ಎಂದು ಯುದ್ಧಕ್ಕೆ ಹೋಗಿ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಬಿ.ಎಂ.ಶ್ರೀ. ಅವರು ಈ ರಾವಣನಲ್ಲಿ ಗ್ರೀಕ್ ನಾಟಕಗಳ ದುರಂತನಾಯಕನ ಛಾಯೆ ಕಂಡದ್ದು ಸುಮ್ಮನೆ ಅಲ್ಲ.

ಜನಪದರ ರಾವಣ ಇನ್ನೊಬ್ಬ. ಕನ್ನಡದ ಒಂದು ಜನಪದ ರಾಮಾಯಣದಲ್ಲಿ ಮಕ್ಕಳಿಲ್ಲದ ರಾವುಳನಿಗೆ ಶಿವ ಮಾವಿನಹಣ್ಣು ಕೊಡುತ್ತಾನೆ. ತಿರುಳನ್ನು ಹೆಂಡತಿಗೆ ಕೊಡುವೆನೆಂದು ಮಾತು ಕೊಟ್ಟವನು ತಾನೇ ತಿಂದು, ಅವಳಿಗೆ ಓಟೆಯನ್ನು ಉಳಿಸುತ್ತಾನೆ. ಗರ್ಭ ನಿಲ್ಲುವುದು ಅವನಿಗೇ! ಒಂಬತ್ತನೆಯ ದಿನ ಅವನು ಸೀನಿದಾಗ ಮೂಗಿನಿಂದ ಹುಟ್ಟಿದವಳು ಸೀತೆ. ಮಂಡೋದರಿಯ ಮಗಳು ಸೀತೆ ಎನ್ನುವ ಕಥೆ ಒಂಬತ್ತನೆಯ ಶತಮಾನದ ಗುಣಭದ್ರನ ‘ಉತ್ತರಪುರಾಣ’ದಲ್ಲೂ ಇದೆ. ಆದರೆ ಹಾಡುಗಾರ ಅದಕ್ಕೆ ನಗು ಬೆರೆಸಿ, ಹೆರಿಗೆಯ ಸಂಕಟವನ್ನು ಲಂಕೆಯ ದೊರೆಯ ತಲೆಗೇ ಕಟ್ಟಿದ.

ಪಾತ್ರಗಳು ಹೀಗೇಕೆ ಬದಲಾಗುತ್ತವೆ? ಧರ್ಮ ಒಂದು ಕಾರಣ. ಅಹಿಂಸೆಯನ್ನು ನಂಬಿದ ಪರಂಪರೆಗೆ ರಾಮನಿಂದ ಕೊಲೆ ಮಾಡಿಸುವುದು ಕಷ್ಟ. ಆ ಹೊಣೆ ಲಕ್ಷ್ಮಣನಿಗೆ ಹೋಯಿತು. ಆಶ್ರಯ ಇನ್ನೊಂದು. 941ರಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದಾಗ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾಗಬೇಕಾಯಿತು. ಮೂರನೆಯದು ಕಲಾಪ್ರಕಾರ. ಯಕ್ಷಗಾನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ವಾದಿಸುತ್ತಾನೆ. ಪದ್ಯ ಪ್ರಸಂಗಕರ್ತನದು, ಮಾತು ಆ ರಾತ್ರಿಯದು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ, ರಾವಣನಾಗಿ ಎತ್ತಿದ ಪ್ರಶ್ನೆಗಳಿಗೆ ಎದುರು ಕುಳಿತ ರಾಮ ಅಲ್ಲೇ ಉತ್ತರ ಹುಡುಕಬೇಕಿತ್ತು. ವಾಲಿ ಸಾಯುವುದು ಖಚಿತ, ವಾದದಲ್ಲಿ ಗೆಲ್ಲುವವರು ಯಾರು ಎಂಬುದು ಮಾತ್ರ ಖಚಿತವಲ್ಲ.

ಕಾಲ ಎತ್ತುವ ಹೊಸ ಪ್ರಶ್ನೆಯೂ ಪಾತ್ರವನ್ನು ಬದಲಿಸುತ್ತದೆ. ಆಗಲೇ ಜಗಳವೂ ಹುಟ್ಟುವುದು. ಕುವೆಂಪು ಅವರ ‘ಶೂದ್ರ ತಪಸ್ವಿ’ (1944) ನಾಟಕದಲ್ಲಿ ರಾಮ ಶಂಬೂಕನನ್ನು ಕೊಲ್ಲುವುದಿಲ್ಲ. ಬಿಟ್ಟ ಅಸ್ತ್ರ ತಪಸ್ವಿಗೆ ತಲೆಬಾಗಿ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗಿ ಅವನ ಕಣ್ಣು ತೆರೆಸುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಇದಕ್ಕೆ ಆಕ್ಷೇಪವೆತ್ತಿದರು. ಹಳೆಯ ಕಥೆಯ ತಿರುಳನ್ನು ಹೀಗೆ ತಿರುಗಿಸುವುದು ತರವಲ್ಲ ಎಂಬುದು ಅವರ ವಾದದ ಸಾರ. ಕುವೆಂಪು ಬರಹದಲ್ಲೇ ಉತ್ತರ ಕೊಟ್ಟರು. 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಇನ್ನೂ ಮುಂದೆ ಹೋದರು. ಅಲ್ಲಿ ಮಂಥರೆ ಮಮತೆಯಿಂದ ಕೆಟ್ಟವಳು, ಸೀತೆಯೊಡನೆ ರಾಮನೂ ಅಗ್ನಿ ಹೊಗುತ್ತಾನೆ, ರಾವಣನ ಕಾಮವೇ ಮಾಗಿ ಸೀತೆಯಲ್ಲಿ ತಾಯಿಯನ್ನು ಕಾಣುವ ದೃಷ್ಟಿಯಾಗುತ್ತದೆ. ಈ ಕಾವ್ಯಕ್ಕೇ 1967ರಲ್ಲಿ ಕನ್ನಡದ ಮೊದಲ ಜ್ಞಾನಪೀಠ ಬಂತು. ಮುಂದೆ ಮಾಸ್ತಿಯವರಿಗೂ ಅದೇ ಪ್ರಶಸ್ತಿ ಸಂದಿತು. ಭಿನ್ನಾಭಿಪ್ರಾಯ ಸಾಹಿತ್ಯದೊಳಗೇ ಉಳಿಯಿತು. ಯಾರ ಪುಸ್ತಕವೂ ಕಪಾಟಿನಿಂದ ಇಳಿಯಲಿಲ್ಲ.

ಎಲ್ಲ ಕಾಲವೂ ಹಾಗಿಲ್ಲ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಮುನ್ನೂರು ರಾಮಾಯಣಗಳ ಬಗ್ಗೆ ಬರೆದ ಇಂಗ್ಲಿಷ್ ಪ್ರಬಂಧದಲ್ಲಿ ಜೈನರ ರಾವಣನೂ ಇದ್ದಾನೆ, ಸೀನಿ ಮಗಳನ್ನು ಹೆತ್ತ ಕನ್ನಡದ ರಾವುಳನೂ ಇದ್ದಾನೆ. 2008ರಲ್ಲಿ ಅದರ ವಿರುದ್ಧ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆ ನಡೆಯಿತು. 2011ರಲ್ಲಿ ಅದನ್ನು ಅಲ್ಲಿನ ಪಠ್ಯದಿಂದ ಕೈಬಿಡಲಾಯಿತು. ಕಥೆಯನ್ನು ಹಳೆಯ ಜಾಡಿಗೆ ತಳ್ಳುವ ನೆರಳುಗಳು ಆಟದಲ್ಲಿ ಮಾತ್ರ ಇರುವುದಿಲ್ಲ ಎಂದಾಯಿತು.

ಮನಬಂದಂತೆ ಬದಲಿಸಿದ್ದೆಲ್ಲ ಉಳಿಯುತ್ತದೆಯೇ? ಅದೂ ಇಲ್ಲ. ಇಷ್ಟು ಮುಖಗಳ ನಡುವೆಯೂ ರಾವಣನ ಗುರುತು ಅಳಿಸಿಲ್ಲ. ಲಂಕೆ ಅವನದೇ, ಸೀತೆಯಿಂದಲೇ ಅವನ ಕೇಡು, ಎತ್ತಲಾಗದ್ದನ್ನು ಎತ್ತಲು ಹೋಗುವುದು ಅವನ ಗುಣ. ಇದನ್ನು ಉಳಿಸಿಕೊಂಡು ಹೊಸದೊಂದನ್ನು ಹೇಳಿದವರನ್ನು ಕೇಳುಗರು ನೆನಪಿಟ್ಟರು, ಉಳಿದವರನ್ನು ಮರೆತರು. ಆ ತೀರ್ಮಾನ ಕೇಳುಗರದೇ. ಅದನ್ನು ಕೊಡಬೇಕಾದರೆ ಅವರ ಕಿವಿಗೆ ಎರಡೂ ಕಥೆ ಬೀಳಬೇಕು. ಹೊಯ್ಸಳರ ರಾಜಧಾನಿಯಲ್ಲಿ ಶಿವನ ಬೆರಳಿನ ಕಥೆ ಕೇಳಿದವರು, ವಾಲಿಯ ಬೆರಳಿನ ಕಥೆ ಕೇಳಿದವರು ಒಂದೇ ಊರಿನಲ್ಲಿ ಬಾಳಿದ್ದರು.